ಮುಳ್ಳು ಇಳಿದಾಗ ಹಿಗ್ಗಬಾರದು



ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬಂದ ನನ್ನ ತಮ್ಮನ ಮಗ ಹೊಸ ಕಾರೊಂದನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್. ಅದರ ಬೆನ್ನಿಗೊಂದು ಟರ್ಬೊ. ತೆಂಗಿನಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆಯಾದ ಮೇಲೆ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ: “ದೊಡ್ಡಪ್ಪ, ಇದ್ರಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ಬರೀ ದೀಪ ಕೊಟ್ಟಿದಾರೆ. ಬೇರೆ ಮೀಟರ್ ಹಾಕಿಸ್ಬೇಕು ಅಂತಿದೀನಿ. ಮೊದ್ಲು ಬೂಸ್ಟ್ ಮೀಟರ್, ಆಮೇಲೆ ಮಿಕ್ಕಿದ್ದು. ನೀವು ಸೈನ್ಸ್ ಮೇಷ್ಟ್ರು, ಹೇಳಿ, ಯಾವುದು ತಗೊಳ್ಳಲಿ?”

ಆಗ ನಾನು ಕೊಟ್ಟ ಉತ್ತರ ಅವನಿಗೆ ಅಷ್ಟಾಗಿ ರುಚಿಸಲಿಲ್ಲ. ಆದರೂ ಅದನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಇಂಥ ಕಾರುಗಳನ್ನು ಇಟ್ಟುಕೊಂಡಿದ್ದೀರಿ. ಕೆಲವರು ಲಾರಿ, ಟೆಂಪೊಗಳ ಮಾಲೀಕರಾಗಿದ್ದೀರಿ. ನನ್ನ ಅಭಿಪ್ರಾಯ ಇಷ್ಟೇ: ಎಲ್ಲರೂ ಮೊದಲು ಕೊಳ್ಳುವ ಬೂಸ್ಟ್ ಮೀಟರನ್ನು ಕೊನೆಗೆ ಕೊಳ್ಳಬೇಕು, ಯಾರೂ ಕೊಳ್ಳದ ಎಣ್ಣೆಯ ಒತ್ತಡದ ಮೀಟರನ್ನು ಮೊದಲು ಕೊಳ್ಳಬೇಕು, ಯಾವುದನ್ನು ಕೊಂಡರೂ ಅದು ಯಾವಾಗ ಸುಳ್ಳು ಹೇಳುತ್ತದೆಂಬುದನ್ನು ಕಲಿಯದೆ ನಂಬಬಾರದು.

ಮೊದಲು ತತ್ತ್ವವನ್ನು ನೋಡೋಣ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ನೂಕುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹೊಗೆಯ ಬದಲು ಎಂಜಿನ್ನಿನ ಬೆಲ್ಟೇ ತಿರುಗಿಸಿದರೆ ಅದು ಸೂಪರ್‌ಚಾರ್ಜರ್. ನಮ್ಮ ರಸ್ತೆಗಳಲ್ಲಿ ಅದು ಅಪರೂಪ. ಗಾಳಿ ಹೆಚ್ಚು ಹೋದರೆ ಇಂಧನವೂ ಹೆಚ್ಚು ಉರಿಯುತ್ತದೆ, ಸಣ್ಣ ಎಂಜಿನ್ ದೊಡ್ಡ ಕೆಲಸ ಮಾಡುತ್ತದೆ. ಶಾಖವೂ ಹೆಚ್ಚುತ್ತದೆ. ಟರ್ಬೊ ದಂಡವು ನಿಮಿಷಕ್ಕೆ ಲಕ್ಷ ಸುತ್ತುಗಳನ್ನು ಮೀರಿ ತಿರುಗಬಲ್ಲದು. ಅದನ್ನು ತೇಲಿಸಿ ಕಾಪಾಡುವುದು ಎಂಜಿನ್ನಿನ ಎಣ್ಣೆಯ ತೆಳುವಾದ ಪೊರೆಯೊಂದೇ.

ಆದುದರಿಂದ ಇಂಥ ಕಾರಿನ ಆರೋಗ್ಯ ಎರಡು ಪ್ರಶ್ನೆಗಳ ಮೇಲೆ ನಿಂತಿದೆ: ಎಣ್ಣೆ ತಲುಪುತ್ತಿದೆಯೇ? ಶಾಖ ಹೊರಗೆ ಹೋಗುತ್ತಿದೆಯೇ? ಬೂಸ್ಟ್ ಮೀಟರ್ ಈ ಎರಡಕ್ಕೂ ಉತ್ತರ ಕೊಡುವುದಿಲ್ಲ. ಗಾಳಿ ಎಷ್ಟು ಒತ್ತಡದಿಂದ ಒಳಗೆ ಹೋಗುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ಕಾಲೊತ್ತಿದೊಡನೆ ಮುಳ್ಳು ಚಿಮ್ಮುವುದರಿಂದ ನೋಡಲು ಚೆಂದ, ನಿಜ. ಗಾಳಿಯ ಕೊಳವೆ ಸಡಿಲವಾಗಿದ್ದರೆ ಎಂದಿನಷ್ಟು ಒತ್ತಡ ಏರದಿರುವುದು ಅದರಲ್ಲಿ ತಿಳಿಯುತ್ತದೆ. ಅಷ್ಟರ ಮಟ್ಟಿಗೆ ಅದು ಉಪಯುಕ್ತವೆಂದು ಒಪ್ಪುತ್ತೇನೆ. ಆದರೆ ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಕಾರಿನಲ್ಲಿ ಒತ್ತಡವನ್ನು ಕಂಪ್ಯೂಟರೇ ಹದದಲ್ಲಿಡುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಕಂಪ್ಯೂಟರಿನ ಲೆಕ್ಕವನ್ನೇ ಬದಲಿಸಿಕೊಂಡವರ ಮಾತು ಬೇರೆ. ಅವರಿಗೆ ಬೂಸ್ಟ್ ಮೀಟರೂ ಬೇಕು, ಪೆಟ್ರೋಲಾದರೆ ಗಾಳಿ-ಇಂಧನದ ಪ್ರಮಾಣ ತೋರಿಸುವುದೂ ಬೇಕು, ಡೀಸೆಲ್ಲಾದರೆ ಹೊಗೆಯ ಉಷ್ಣತೆ ತೋರಿಸುವುದೂ ಬೇಕು. ಭಾರ ಹೊತ್ತು ಘಟ್ಟ ಹತ್ತುವಾಗ ಡೀಸೆಲ್ ಎಂಜಿನ್ನಿನ ಹೊಗೆ 700 ಡಿಗ್ರಿಯ ಹತ್ತಿರ ಸುಳಿಯಬಹುದು.

ಈಗ ಈ ಅಭಿಪ್ರಾಯವನ್ನು ನಾನು ಎಲ್ಲಿ ಕಲಿತೆನೆಂಬುದನ್ನು ಹೇಳಬೇಕು. ಪುಸ್ತಕದಲ್ಲಲ್ಲ, ಶಿರಾಡಿ ಘಾಟಿಯಲ್ಲಿ.

2012ರ ಆಗಸ್ಟ್ ತಿಂಗಳು. ನನ್ನ ತಮ್ಮನಿಗೆ ಹೃದಯದ ತೊಂದರೆಯಾಗಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆಯಾಗಿತ್ತು. ಅವನನ್ನು ಊರಿಗೆ ಕರೆತರಲು ನನ್ನ ಹಳೆಯ ಡೀಸೆಲ್ ಕಾರಿನಲ್ಲಿ ಹೋಗಿದ್ದೆ. ಕೈ ಬದಲಿಸಿ ಬಂದ ಕಾರು, ಅದಕ್ಕೂ ಟರ್ಬೊ ಇತ್ತು. ಹಿಂದಿನ ಸೀಟಿನಲ್ಲಿ ತಮ್ಮ, ಅವನ ಹೆಂಡತಿ, ಐದನೆಯ ತರಗತಿಯಲ್ಲಿದ್ದ ಈ ಹುಡುಗ. ಗುಂಡ್ಯ ದಾಟಿ ಘಾಟಿ ಹತ್ತಲು ತೊಡಗಿದಾಗ ಕತ್ತಲಾಗಿತ್ತು, ಮಳೆ ಹಿಡಿದಿತ್ತು, ಮುಂದೆ ಲಾರಿಗಳ ಸಾಲು. ಮೊದಲನೇ ಗೇರಿನಲ್ಲೇ ಏರುತ್ತಿದ್ದೆವು. ಉಷ್ಣತೆಯ ಮುಳ್ಳು ನಡುವಿನಿಂದ ಸ್ವಲ್ಪ ಮೇಲಕ್ಕೇರಿತು. ನನಗೆ ಆತಂಕವಾಯಿತು. ಆಮೇಲೆ ಅದು ತಾನಾಗಿಯೇ ಮೆಲ್ಲಗೆ ಇಳಿಯಿತು. ನಡುವನ್ನೂ ದಾಟಿ ಕೆಳಗೆ ಬಂತು. “ಮಳೆಯ ತಂಪಿಗೆ ಎಂಜಿನ್ ತಣ್ಣಗಾಯ್ತು ಕಣೇ” ಎಂದು ತಮ್ಮನ ಹೆಂಡತಿಗೆ ಧೈರ್ಯ ಹೇಳಿದೆ. ಹತ್ತು ನಿಮಿಷ ಕಳೆದಿರಲಿಲ್ಲ, ಸುಟ್ಟ ವಾಸನೆ ಬಂತು, ಎಳೆತ ಸತ್ತಿತು, ಎಂಜಿನ್ ನಿಂತುಹೋಯಿತು.

ಎದೆಯ ಚಿಕಿತ್ಸೆಯಾದವನನ್ನು ಕೂರಿಸಿಕೊಂಡು ಎರಡು ಗಂಟೆಗಳ ಕಾಲ ಆ ಮಳೆಯಲ್ಲಿ, ಆ ತಿರುವಿನಲ್ಲಿ ನಿಂತೆವು. ಒಂದೊಂದು ಲಾರಿ ಉಜ್ಜಿಕೊಂಡು ಹೋದಾಗಲೂ ಕಾರು ಅಲ್ಲಾಡುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಮಾತ್ರೆಯ ಹೊತ್ತು ಮೀರುತ್ತಿತ್ತು, ನೀರು ಮುಗಿದಿತ್ತು. ಕೊನೆಗೆ ಹಾಸನದ ಕಡೆಗೆ ಹೊರಟಿದ್ದ ಲಾರಿಯವನೊಬ್ಬ ನಿಲ್ಲಿಸಿ, ಮೂವರನ್ನೂ ತನ್ನ ಕ್ಯಾಬಿನ್ನಿನಲ್ಲಿ ಹತ್ತಿಸಿಕೊಂಡು ಸಕಲೇಶಪುರಕ್ಕೆ ತಲುಪಿಸಿದ. ಆ ಪುಣ್ಯಾತ್ಮನ ಹೆಸರನ್ನೂ ನಾನು ಕೇಳಲಿಲ್ಲ. ಈಗಲೂ ಅದು ಮನಸ್ಸನ್ನು ಚುಚ್ಚುತ್ತದೆ.

ಮರುದಿನ ಮೆಕ್ಯಾನಿಕ್ ತೋರಿಸಿದ: ರೇಡಿಯೇಟರಿನ ಕೆಳಗಿನ ರಬ್ಬರ್ ಕೊಳವೆ ಸೀಳಿ ನೀರೆಲ್ಲ ಸೋರಿಹೋಗಿತ್ತು. ಗ್ಯಾಸ್ಕೆಟ್ ಸುಟ್ಟಿತ್ತು, ಸಿಲಿಂಡರ್ ಹೆಡ್ ಡೊಂಕಾಗಿತ್ತು. ಉಷ್ಣತೆಯ ಸೆನ್ಸಾರ್ ಅಳೆಯುವುದು ತನ್ನನ್ನು ಮುಟ್ಟಿರುವ ನೀರಿನ ಉಷ್ಣತೆಯನ್ನು. ನೀರೇ ಇಲ್ಲದಾಗ ಅದು ಬರಿಯ ಗಾಳಿಯಲ್ಲಿ ಕುಳಿತು ಕಡಿಮೆ ಅಂಕಿಯನ್ನು ತೋರಿಸಬಹುದು. ಎಂಜಿನ್ ಬೇಯುತ್ತಿದೆ, ಮುಳ್ಳು ಇಳಿಯುತ್ತಿದೆ! ಥರ್ಮಾಮೀಟರಿನ ಬುರುಡೆ ದ್ರವದಲ್ಲಿ ಮುಳುಗಿರಬೇಕೆಂದು ಎಷ್ಟು ವರ್ಷ ನಿಮಗೆ ಪಾಠ ಹೇಳಿದವನು ನಾನು! ಮುಳ್ಳು ಇಳಿದದ್ದನ್ನು ಕಂಡು ಹಿಗ್ಗಿದವನೂ ನಾನೇ.

ಇದರ ಉಪಸಂಹಾರ ನಮ್ಮ ತೋಟದಲ್ಲಾಯಿತು. ತಮ್ಮ ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಪಂಪ್‌ಹೌಸಿಗೆ ಹೋಗಿದ್ದೆವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ತೋಟಕ್ಕೆ ಹೋದರೂ ಕೊಳವೆಬಾವಿಯ ಸ್ಟಾರ್ಟರಿನ ಪಕ್ಕದಲ್ಲಿ ಎರಡು ಮೀಟರುಗಳನ್ನು ಕಾಣುತ್ತೀರಿ, ಒಂದು ವೋಲ್ಟಿನದು, ಒಂದು ಆಂಪಿಯರಿನದು. ಮೋಟಾರು ಓಡುತ್ತಿದ್ದಂತೆಯೇ ಆಂಪಿಯರಿನ ಮುಳ್ಳು ಇಳಿಯಿತು. ತಮ್ಮ ತಟ್ಟನೆ ಸ್ವಿಚ್ ಆರಿಸಿದ. “ಯಾಕೋ, ಕರೆಂಟು ಕಡಿಮೆ ಎಳೀತಾ ಇದ್ರೆ ಒಳ್ಳೇದಲ್ವೇನೋ?” ಎಂದೆ. ಅವನು ನಕ್ಕ. “ಅಣ್ಣಾ, ಕಡಿಮೆ ಎಳೀತದೆ ಅಂದ್ರೆ ಬೋರಲ್ಲಿ ನೀರಿಲ್ಲ, ಬರೀ ಮೋಟ್ರು ಸುತ್ತುತಾ ಐತೆ ಅಂತ. ಇನ್ನು ಸ್ವಲ್ಪ ಹೊತ್ತು ಬಿಟ್ರೆ ಸುಟ್ಟೇ ಹೋಯ್ತದೆ. ನಿನ್ನ ಕಾರಿನ ಮುಳ್ಳೂ ಅವತ್ತು ಹಿಂಗೇ ಇಳೀತಲ್ವಾ?”

ನಾನು ಬಿ.ಎಡ್. ಮಾಡಿದವನು, ಅವನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಅಂದು ಯಾರು ಯಾರಿಗೆ ಮೇಷ್ಟ್ರಾದರೆಂಬುದನ್ನು ನೀವೇ ನಿರ್ಧರಿಸಿ.

ಆದುದರಿಂದ ನನ್ನ ತಮ್ಮನ ಮಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಎಣ್ಣೆಯ ಒತ್ತಡ. ಕಾರಿನಲ್ಲಿರುವ ಕೆಂಪು ಎಣ್ಣೆ ದೀಪ ಸಾಮಾನ್ಯವಾಗಿ ಹೊತ್ತುವುದು ಒತ್ತಡ ಅರ್ಧ ಬಾರಿಗಿಂತಲೂ ಕೆಳಗೆ ಬಿದ್ದಾಗ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೀಟರಾದರೆ ನಿನ್ನೆಗಿಂತ ಇಂದು ಕಡಿಮೆ ಎಂಬುದನ್ನು ಮೊದಲೇ ಹೇಳುತ್ತದೆ. ಎರಡನೆಯದು ನೀರಿನ ಉಷ್ಣತೆ, ಅಂಕಿಗಳಿರುವ ಮೀಟರ್. ಕಾರಿನೊಡನೆ ಬರುವ ಎಷ್ಟೋ ಮೀಟರುಗಳ ಮುಳ್ಳು ಗಿರಾಕಿ ಗಾಬರಿಯಾಗದಿರಲೆಂದು ಬಹಳ ಹೊತ್ತು ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಇದರ ಜೊತೆಗೆ ನೀರಿನ ಮಟ್ಟ ಇಳಿದರೆ ಕೂಗುವ ಎಚ್ಚರಿಕೆ ಇದ್ದರೆ ನನ್ನ ಶಿರಾಡಿಯ ಪಾಡು ನಿಮಗೆ ಬರುವುದಿಲ್ಲ. ಬೂಸ್ಟ್ ಆಮೇಲಿನ ಮಾತು.

ಕೊಳ್ಳುವಾಗ ಕೆಲವು ಸಂಗತಿಗಳನ್ನು ಗಮನಿಸಿ. ಎಣ್ಣೆಯ ಕೊಳವೆಯನ್ನೇ ಕಾರಿನೊಳಕ್ಕೆ ತರುವ ಮೀಟರ್ ಬೇಡ. ಸೋರಿದರೆ ಕಾದ ಎಣ್ಣೆ ಕಾಲ ಮೇಲೆ. ಎಂಜಿನ್ನಿನ ಬಳಿ ಸೆನ್ಸಾರ್ ಇಟ್ಟು ತಂತಿ ಮಾತ್ರ ಒಳಗೆ ಬರುವಂಥದನ್ನು ಕೊಳ್ಳಿ, ತಂತಿಗೆ ಫ್ಯೂಸ್ ಇರಲಿ. ಎಂದಿನ ಅಂಕಿ ಮಾಪನದ ನಡುಭಾಗದಲ್ಲಿ ಬರುವಂತಿರಲಿ. ಒಂದು ಬಾರ್ ಅಳೆಯಲು ಹತ್ತು ಬಾರಿನ ಮೀಟರ್ ತಂದರೆ ಮುಳ್ಳು ಅಲ್ಲಾಡಿದ್ದೇ ಕಾಣಿಸದು. ಅಪಾಯದ ಅಂಕಿಯಲ್ಲಿ ಸದ್ದು ಮಾಡುವಂತಿದ್ದರೆ ಉತ್ತಮ, ಏಕೆಂದರೆ ಕಣ್ಣು ರಸ್ತೆಯ ಮೇಲಿರಬೇಕು. ಮುಂಗಾಜಿನ ಪಕ್ಕದ ಕಂಬಕ್ಕೆ ಮೀಟರ್ ಅಂಟಿಸುವುದು ಹಲವರಿಗೆ ಇಷ್ಟ. ಆದರೆ ಎಷ್ಟೋ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಅಡಗಿರುವುದು ಅಲ್ಲಿಯೇ. ತಂತಿ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತಕರಾರು ಬರಬಹುದು, ಮೊದಲೇ ಕೇಳಿಕೊಳ್ಳಿ. ಈಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ ಓಬಿಡಿ ಎಂಬ ಸಾಕೆಟ್ ಇರುತ್ತದೆ. ಅದಕ್ಕೊಂದು ಸಣ್ಣ ಉಪಕರಣ ಸಿಕ್ಕಿಸಿದರೆ ನೀರಿನ ಉಷ್ಣತೆ, ಎಷ್ಟೋ ಕಾರುಗಳಲ್ಲಿ ಗಾಳಿಯ ಒತ್ತಡ ಸಹ ಫೋನಿನಲ್ಲೇ ಕಾಣುತ್ತವೆ. ಎಣ್ಣೆಯ ಒತ್ತಡ ಮಾತ್ರ ಅದರಲ್ಲಿ ಸಾಮಾನ್ಯವಾಗಿ ಸಿಗದು. ಖರ್ಚು ಮಾಡುವ ಮುನ್ನ ಇದನ್ನು ನೋಡಿ.

ಇನ್ನೊಂದು ಮಾತು. ಸುಮಾರು 850 ಮೀಟರ್ ಎತ್ತರದಲ್ಲಿರುವ ತಿಪಟೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಓಬಿಡಿ ತೋರಿಸುವ ಒತ್ತಡದಲ್ಲಿ ಈ ವಾತಾವರಣದ ಒತ್ತಡವೂ ಸೇರಿರುವುದುಂಟು. ಅಲ್ಲಿಯ ಅಂಕಿಗೂ ಇಲ್ಲಿಯ ಅಂಕಿಗೂ ವ್ಯತ್ಯಾಸ ಕಂಡರೆ ಕಾರು ಕೆಟ್ಟಿತೆಂದು ಗಾಬರಿಯಾಗಬೇಡಿ.

ನಮ್ಮ ಹಿರಿಯರು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಕೊಬ್ಬರಿಯಾಯಿತೇ ಎಂದು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ಉಂಡೆ ಬಿಟ್ಟುಕೊಂಡು ಗಡಗಡ ಎಂದರೆ ಸುಲಿಯಬಹುದು. ಆ ಸದ್ದು ತಿಳಿಯಬೇಕಾದರೆ ಸದ್ದು ಮಾಡದ ಸಾವಿರ ಕಾಯಿಗಳನ್ನು ಅಲ್ಲಾಡಿಸಿರಬೇಕು. ಮೀಟರೂ ಹಾಗೆಯೇ. ಹಾಕಿಸಿದ ಮೊದಲ ತಿಂಗಳು ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಬೆಳಿಗ್ಗೆ ತಣ್ಣಗಿದ್ದಾಗ ಎಷ್ಟು, ಬಿಸಿಯಾಗಿ ನಿಂತಲ್ಲೇ ಓಡುವಾಗ ಎಷ್ಟು, ಘಾಟಿ ಏರುವಾಗ ಎಷ್ಟು ಎಂದು ಬರೆಯಿರಿ. ಎಂದಿನ ಅಂಕಿ ಯಾವುದೆಂದು ಗೊತ್ತಿದ್ದವನಿಗೆ ಮಾತ್ರ ಇಂದಿನ ಅಂಕಿ ಏನಾದರೂ ಹೇಳುತ್ತದೆ. ಏರಿದರೆ ಎಚ್ಚರ, ಕಾರಣವಿಲ್ಲದೆ ಇಳಿದರೆ ಇನ್ನೂ ಎಚ್ಚರ.

ಹುಡುಗ ಎಲ್ಲವನ್ನೂ ಕೇಳಿ, “ಆವತ್ತು ರಾತ್ರಿ ಅಪ್ಪ ನನ್ನ ಕೈ ಹಿಡ್ಕೊಂಡೇ ಕೂತಿದ್ರು, ಅಷ್ಟೇ ನೆನಪು ದೊಡ್ಡಪ್ಪ” ಎಂದ. ತಮ್ಮ ಈಗಲೂ ತಪಾಸಣೆಗೆ ಮಂಗಳೂರಿಗೆ ಹೋಗುತ್ತಾನೆ. ಇನ್ನು ಮುಂದೆ ಕರೆದೊಯ್ಯುವವನು ಮಗ, ಅದೇ ಘಾಟಿಯಲ್ಲಿ. ಮೊನ್ನೆ ಅವನು ಫೋನ್ ಮಾಡಿ ಎಣ್ಣೆಯದೂ ನೀರಿನದೂ ಎರಡು ಮೀಟರ್ ಹಾಕಿಸಿದೆನೆಂದು ತಿಳಿಸಿದ. ಬೂಸ್ಟ್ ಮೀಟರಿಗೆ ಬರುವ ಯುಗಾದಿಯ ಬೋನಸ್ಸನ್ನು ಕಾಯುತ್ತಿದ್ದಾನಂತೆ. ಹುಡುಗು ಬುದ್ಧಿ, ಹಾಕಿಸಿಕೊಳ್ಳಲಿ. ನೋಟುಪುಸ್ತಕ ಬರೆಯುತ್ತಿದ್ದೀಯೇನೋ ಎಂದು ಕೇಳಿದರೆ ಮಾತ್ರ ಉತ್ತರ ಬರಲಿಲ್ಲ. ಹೋಂವರ್ಕಿನ ವಿಷಯದಲ್ಲಿ ನೀವೆಲ್ಲರೂ ಒಂದೇ!