ಪೆನ್ಸಿಲು ಹಿಡಿದು ಓದಬೇಕಾದ ಕಾದಂಬರಿಗಳು

ವಿಜ್ಞಾನ ಕಥೆಗಳನ್ನು ಮೆಚ್ಚುವ ತರುಣರಿಗೆ ಹಿರಿಯರು ಸಾಮಾನ್ಯವಾಗಿ ಕೊಡುವ ಸಲಹೆಯೊಂದುಂಟು: ಕಥೆಯ ನಡುವೆ ಗಣಿತವೋ ಭೌತವಿಜ್ಞಾನವೋ ಅಡ್ಡ ಬಂದರೆ ಆ ಪುಟಗಳನ್ನು ಹಾರಿಸಿ ಮುಂದೆ ಸಾಗಿರಿ, ಕಥೆಗೇನೂ ಊನ ಬಾರದು ಎಂದು. ಬಹುಪಾಲು ವಿಜ್ಞಾನ ಕಥೆಗಳ ಮಟ್ಟಿಗೆ ಈ ಸಲಹೆ ತಪ್ಪೇನಲ್ಲ. ಅಂತರಿಕ್ಷ ನೌಕೆಯ ಸ್ಥಾನದಲ್ಲಿ ಹಾಯಿಹಡಗನ್ನೂ ಕಿರಣಾಯುಧದ ಸ್ಥಾನದಲ್ಲಿ ಕತ್ತಿಯನ್ನೂ ಇರಿಸಿದರೆ ಅವುಗಳ ಕಥೆ ಇದ್ದಂತೆಯೇ ನಡೆದುಹೋಗುತ್ತದೆ. ಆದರೆ ಇದೇ ಹೆಸರಿನಡಿಯಲ್ಲಿ ಬೇರೊಂದು ಜಾತಿಯ ಕೃತಿಗಳೂ ಇವೆ. ಅವುಗಳಿಂದ ವಿಜ್ಞಾನವನ್ನು ತೆಗೆದುಬಿಟ್ಟರೆ ಕಥೆಯೆಂಬುದೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಇವಕ್ಕೆ ‘ಹಾರ್ಡ್ ಸೈನ್ಸ್ ಫಿಕ್ಷನ್’ ಎಂದು ಹೆಸರು. ನಾವು ‘ಕಟ್ಟುನಿಟ್ಟಿನ ವಿಜ್ಞಾನ ಕಥೆ’ ಎಂದು ಕರೆಯೋಣ. ಇವನ್ನು ಪುಟ ಹಾರಿಸಿ ಓದುವುದೆಂದರೆ ಹೂರಣವನ್ನು ಬಿಟ್ಟು ಹೋಳಿಗೆಯ ಕಣಕವನ್ನಷ್ಟೇ ತಿಂದಂತೆ.

ಇಂಥ ಕೃತಿಗಳನ್ನು ನಮ್ಮ ವಿದ್ಯಾರ್ಥಿಗಳು, ಕಷ್ಟವೆಂಬ ಭಯವನ್ನು ಬಿಟ್ಟು, ಪಕ್ಕದಲ್ಲಿ ಕಾಗದ ಪೆನ್ಸಿಲುಗಳನ್ನಿಟ್ಟುಕೊಂಡು ಓದಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಕಾರಣ ಮನೋರಂಜನೆ ಮಾತ್ರವಲ್ಲ. ಪಠ್ಯಪುಸ್ತಕದ ಲೆಕ್ಕಕ್ಕೆ ಉತ್ತರವು ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುತ್ತದೆ. ನಮ್ಮ ಉತ್ತರ ಅದಕ್ಕೆ ಹೊಂದದಿದ್ದರೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡು ಮತ್ತೆ ಮೊದಲಿನಿಂದ ಮಾಡುತ್ತೇವೆ. ಹತ್ತು ಹನ್ನೆರಡು ವರ್ಷ ಹೀಗೆ ಕಲಿತವರಿಗೆ ಅಚ್ಚಾದ ಮಾತನ್ನು ಶಂಕಿಸುವ ಸಂದರ್ಭವೇ ಒದಗುವುದಿಲ್ಲ. ಶಂಕಿಸದೆ ಕಲಿತ ವಿಜ್ಞಾನವು ಪರೀಕ್ಷೆಯ ಮರುದಿನ ಮರೆತುಹೋದರೆ ಆಶ್ಚರ್ಯವೇನು? ಕಟ್ಟುನಿಟ್ಟಿನ ವಿಜ್ಞಾನ ಕಥೆಯಲ್ಲಿ ಉತ್ತರಗಳ ಪಟ್ಟಿ ಇರುವುದಿಲ್ಲ. ಲೇಖಕನು ತನ್ನ ಕಥೆಯನ್ನೇ ಪಣವಾಗಿಟ್ಟು ವಾಚಕನನ್ನು ಆಟಕ್ಕೆ ಕರೆಯುತ್ತಾನೆ. ಲೆಕ್ಕ ಮಾಡಿ ನೋಡಿದಾಗ ಅವನೇ ಸೋತಿರುವುದೂ ಉಂಟು.

ಮೊದಲು ಓದಬೇಕಾದುದು ಫ್ರೆಡ್ ಹಾಯ್ಲ್ ಬರೆದ ‘ದಿ ಬ್ಲ್ಯಾಕ್ ಕ್ಲೌಡ್’. ನಕ್ಷತ್ರಗಳ ಗರ್ಭದಲ್ಲಿ ಮೂಲಧಾತುಗಳು ಹೇಗೆ ಹುಟ್ಟುತ್ತವೆಂದು ವಿವರಿಸಿದ ವಿಜ್ಞಾನಿಗಳಲ್ಲಿ ಹಾಯ್ಲ್ ಒಬ್ಬರು. ಆ ವಿಷಯವನ್ನು ಕುರಿತ ಪ್ರಸಿದ್ಧ ಸಂಯುಕ್ತ ಪ್ರಬಂಧವೂ ಈ ಕಾದಂಬರಿಯೂ ಒಂದೇ ವರ್ಷ, 1957ರಲ್ಲಿ, ಪ್ರಕಟವಾದವು. ನಮ್ಮ ಜಯಂತ ನಾರ್ಳೀಕರರು ಕೇಂಬ್ರಿಜ್ಜಿನಲ್ಲಿ ಇವರ ಶಿಷ್ಯರಾಗಿದ್ದರೆಂಬುದು ಹಲವರಿಗೆ ತಿಳಿದಿರಬಹುದು. ಕಥೆಯಲ್ಲಿ ಸೂರ್ಯನತ್ತ ಒಂದು ಕರಿಯ ಮೇಘವು ಧಾವಿಸಿ ಬರುತ್ತದೆ. ಅದರ ದೂರ ತಿಳಿಯದು, ಗಾತ್ರ ತಿಳಿಯದು, ವೇಗವೂ ತಿಳಿಯದು. ಕೈಯಲ್ಲಿರುವುದು ಬೇರೆ ಬೇರೆ ಕಾಲದಲ್ಲಿ ತೆಗೆದ ಛಾಯಾಚಿತ್ರಗಳು ಮಾತ್ರ. ಆದರೂ ಅದು ಎಂದು ಬಂದು ತಲುಪುವುದೆಂದು ಖಗೋಳಜ್ಞರು ಕಪ್ಪು ಹಲಗೆಯ ಮೇಲೆ ಲೆಕ್ಕ ಮಾಡಿಬಿಡುತ್ತಾರೆ. ಹಾಯ್ಲ್ ಅದರ ವಿವರವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಾರೆ. ಅದನ್ನು ನೋಡುವ ಮುನ್ನ ವಾಚಕರು ತಾವೇ ಪ್ರಯತ್ನಿಸಬೇಕು. ಎದುರಿನಿಂದ ನೇರವಾಗಿ ಬರುತ್ತಿರುವ ಬಸ್ಸು ಕಣ್ಣಿಗೆ ಹೇಗೆ ಹಿಗ್ಗುತ್ತ ಹೋಗುವುದೆಂದು ಯೋಚಿಸಿದರೆ ದಾರಿ ಸಿಗುತ್ತದೆ. ಮೇಘವು ಒಂದು ತಿಂಗಳಲ್ಲಿ ತನ್ನ ತೋರಿಕೆಯ ವ್ಯಾಸದ ಇಪ್ಪತ್ತರಲ್ಲಿ ಒಂದು ಭಾಗದಷ್ಟು ದೊಡ್ಡದಾಯಿತೆನ್ನಿ. ವೇಗ ಬದಲಾಗದಿದ್ದರೆ ಅದು ಸುಮಾರು 20 ತಿಂಗಳಲ್ಲಿ ಇಲ್ಲಿರುತ್ತದೆ. ದೂರವೂ ವೇಗವೂ ಭಾಗಾಕಾರದಲ್ಲಿ ತಾವಾಗಿಯೇ ಬಿಟ್ಟುಹೋಗುತ್ತವೆ. ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ. ಮೇಘವೆಂಬುದು ನಿಜವಾಗಿ ಏನೆಂಬುದನ್ನು ನಾವು ಹೇಳುವುದಿಲ್ಲ. ಹೇಳಿದರೆ ವಾಚಕರು ನಮ್ಮನ್ನು ಕ್ಷಮಿಸಲಾರರು.

ಎರಡನೆಯದು, ನಮ್ಮ ದೃಷ್ಟಿಯಲ್ಲಿ ಈ ಜಾತಿಯಲ್ಲೇ ಅಗ್ರಗಣ್ಯವಾದುದು, ಹಾಲ್ ಕ್ಲೆಮೆಂಟ್ ಬರೆದ ‘ಮಿಷನ್ ಆಫ್ ಗ್ರಾವಿಟಿ’. 1953ರಲ್ಲಿ ‘ಅಸ್ಟೌಂಡಿಂಗ್’ ಎಂಬ ಅಮೆರಿಕದ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆಯಿದು. ಹಾಲ್ ಕ್ಲೆಮೆಂಟ್ ಎಂಬುದು ಕಾವ್ಯನಾಮ. ಲೇಖಕ ಹ್ಯಾರಿ ಸ್ಟಬ್ಸ್ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದವರು. ಈತ ಕಲ್ಪಿಸಿದ ಮೆಸ್ಕ್ಲಿನ್ ಎಂಬ ಗ್ರಹದ ದ್ರವ್ಯರಾಶಿ ಗುರುಗ್ರಹದ 16ರಷ್ಟು. ಅದು ಎಷ್ಟು ಬಿರುಸಾಗಿ ತಿರುಗುತ್ತದೆಂದರೆ ಅಲ್ಲಿನ ಒಂದು ದಿನವೆಂದರೆ ನಮ್ಮ ಹದಿನೇಳೂ ಮುಕ್ಕಾಲು ನಿಮಿಷ. ಆದುದರಿಂದ ಗ್ರಹವು ಚೆಂಡಿನಂತಿರದೆ ಒತ್ತಿ ಚಪ್ಪಟೆ ಮಾಡಿದ ಉಂಡೆಯಂತಿದೆ: ನಡುವಿನ ವ್ಯಾಸ 48,000 ಮೈಲಿ, ಧ್ರುವದಿಂದ ಧ್ರುವಕ್ಕೆ 20,000 ಮೈಲಿಗೂ ಕಡಿಮೆ. ಮಧ್ಯರೇಖೆಯಲ್ಲಿ ವಸ್ತುವಿನ ಭಾರವು ಭೂಮಿಯಲ್ಲಿರುವುದರ 3 ಪಟ್ಟು; ಧ್ರುವದಲ್ಲಿ ಸುಮಾರು 700 ಪಟ್ಟು! ಭೂಮಿಯವರು ಕಳುಹಿಸಿದ ರಾಕೆಟ್ಟೊಂದು ಧ್ರುವದ ಬಳಿ ಸಿಕ್ಕಿಕೊಂಡಿದೆ. ಅಲ್ಲಿಗೆ ಹೋಗಲು ಮನುಷ್ಯನಿಗೆ ಅಸಾಧ್ಯ. ಹೋಗಬಲ್ಲವನು ಬಾರ್ಲೆನ್ನನ್ ಎಂಬ ಆ ಗ್ರಹದ ನಾವಿಕ, ಒಂದು ಅಡಿಗಿಂತ ಕೊಂಚ ಹೆಚ್ಚು ಉದ್ದದ, ಶತಪದಿಯ ರೂಪದ ಜೀವಿ.

ಈಗ ಪೆನ್ಸಿಲು ಕೈಗೆತ್ತಿಕೊಳ್ಳಿ. ಗ್ರಹವನ್ನು ಒರಟಾಗಿ ಗೋಲವೆಂದೇ ಭಾವಿಸಿ, ಮಧ್ಯರೇಖೆಯಲ್ಲಿ ಅದು ಒಳಕ್ಕೆ ಸೆಳೆಯುವ ಬಲವನ್ನು ನ್ಯೂಟನ್ನನ ಸೂತ್ರದಿಂದ ಗಣಿಸಿದರೆ ಭೂಗುರುತ್ವದ ಸುಮಾರು 139 ಪಟ್ಟು ಬರುತ್ತದೆ. ಹದಿನೇಳೂ ಮುಕ್ಕಾಲು ನಿಮಿಷಕ್ಕೊಂದು ಸುತ್ತಿನ ಭ್ರಮಣದಿಂದ ಹೊರಕ್ಕೆ ಎಸೆಯುವ ಕೇಂದ್ರಾಪಗಾಮಿ ಬಲವನ್ನು ಗಣಿಸಿದರೆ 137 ಪಟ್ಟು. ಇವೆರಡರ ಅಂತರವೇ ನಾವಿಕನು ಅನುಭವಿಸುವ ಭಾರ. ಎರಡು ದೈತ್ಯರು ಹಗ್ಗ ಜಗ್ಗುತ್ತಿರುವಾಗ ನಡುವೆ ನಿಂತ ಗುಬ್ಬಚ್ಚಿಯಂತೆ ಅವನ ಸ್ಥಿತಿ! ಇದೇ ಒರಟು ವಿಧಾನವನ್ನು ಧ್ರುವಕ್ಕೆ ಅನ್ವಯಿಸಿದರೆ 800ಕ್ಕೂ ಮೇಲಿನ ಸಂಖ್ಯೆ ಬರುತ್ತದೆ. ಕಾದಂಬರಿ ಹೇಳುವುದು 700. ಯಾರದು ಸರಿ? ಇಲ್ಲಿ ಗೋಲವೆಂಬ ನಮ್ಮ ಭಾವನೆ ಕೈಕೊಡುತ್ತದೆ. ಚಪ್ಪಟೆಯಾದ ಕಾಯದ ನೆತ್ತಿಯ ಮೇಲೆ ನಿಂತವನನ್ನು ಅದರ ಅಂಚಿನ ದ್ರವ್ಯವು ಕೆಳಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸೆಳೆಯುತ್ತದೆ. ಎಡಬಲದ ಸೆಳೆತಗಳು ಪರಸ್ಪರ ರದ್ದಾಗುತ್ತವೆ. ಒಟ್ಟಿನಲ್ಲಿ ಭಾರ ಕಡಿಮೆಯಾಗುತ್ತದೆ. ಇಷ್ಟನ್ನು ಕಂಡುಕೊಂಡ ವಿದ್ಯಾರ್ಥಿಯು ಗುರುತ್ವದ ವಿಷಯದಲ್ಲಿ ತನ್ನ ಪಠ್ಯವನ್ನು ದಾಟಿ ಒಂದು ಹೆಜ್ಜೆ ಮುಂದಿಟ್ಟನೆಂದೇ ಹೇಳಬೇಕು.

ಕ್ಲೆಮೆಂಟ್ ಈ ಗ್ರಹವನ್ನು ಹೇಗೆ ಕಟ್ಟಿದನೆಂಬುದನ್ನು ಅದೇ ವರ್ಷ ಅದೇ ಪತ್ರಿಕೆಯಲ್ಲಿ ಪ್ರತ್ಯೇಕ ಲೇಖನವಾಗಿ ಬರೆದನು. ಲೇಖಕನು ತಪ್ಪಿಲ್ಲದಂತೆ ಜಗತ್ತನ್ನು ಕಟ್ಟುವುದು, ವಾಚಕನು ತಪ್ಪು ಹುಡುಕುವುದು, ಇದೇ ಈ ಆಟ ಎಂಬುದು ಅವನ ನಿಲುವು. ಆಟಗಾರರು ಸುಮ್ಮನಿರಲಿಲ್ಲ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿಗಳ ವಿಜ್ಞಾನ ಕಥಾ ಸಂಘದವರು ಮುಂದೆ ಲೆಕ್ಕ ಮಾಡಿ, ಅಂಥ ಗ್ರಹದ ನಡುವಿನ ಅಂಚು ದುಂಡಗಿರದೆ ಚೂಪಾಗಿರಬೇಕಾಗುತ್ತದೆಂದು ತೋರಿಸಿದರು. ಇದರಿಂದ ಕಾದಂಬರಿಯ ಬೆಲೆ ಕುಂದಿತೆಂದು ನಾವು ಭಾವಿಸುವುದಿಲ್ಲ. ತಪ್ಪೆಂದು ತೋರಿಸಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಮಾತನಾಡುವ ಕಥೆಗಾರರು ಎಷ್ಟು ಮಂದಿ ಇದ್ದಾರೆ? ಮೇಲಾಗಿ, 700 ಪಟ್ಟು ಗುರುತ್ವದಲ್ಲಿ ಬದುಕುವವರ ಮನಸ್ಸನ್ನು ಆತ ಚಿತ್ರಿಸಿರುವ ರೀತಿಯನ್ನು ನೋಡಿ. ಅಲ್ಲಿ ಅರ್ಧ ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 160 ಕಿಲೋಮೀಟರಿಗೂ ಹೆಚ್ಚು. ಆದುದರಿಂದ ಧೈರ್ಯಶಾಲಿಯಾದ ಬಾರ್ಲೆನ್ನನ್ನನಿಗೂ ತಲೆಯ ಮೇಲೆ ಏನಾದರೂ ಇರುವುದೆಂದರೆ ಪ್ರಾಣಭಯ. ಸೂತ್ರದಿಂದ ಸ್ವಭಾವ ಹುಟ್ಟುವುದನ್ನು ಇಲ್ಲಿ ಕಾಣಬಹುದು.

ಇದೇ ವಿದ್ಯಾರ್ಥಿಗಳ ಪರಂಪರೆ ಲ್ಯಾರಿ ನಿವೆನ್ನನನ್ನೂ ಬಿಡಲಿಲ್ಲ. 1970ರ ‘ರಿಂಗ್‌ವರ್ಲ್ಡ್’ನಲ್ಲಿ ಆತ ಸೂರ್ಯನನ್ನು ಸುತ್ತುವರಿದ, ಭೂಕಕ್ಷೆಯಷ್ಟು ದೊಡ್ಡದಾದ ಗಟ್ಟಿ ಬಳೆಯೊಂದನ್ನು ಕಲ್ಪಿಸಿದನು. ಮರುವರ್ಷ ನಡೆದ ವಿಶ್ವ ವಿಜ್ಞಾನ ಕಥಾ ಸಮ್ಮೇಳನದಲ್ಲಿ ಆ ಸಂಸ್ಥೆಯ ವಿದ್ಯಾರ್ಥಿಗಳು, ಈ ಬಳೆ ಸ್ಥಿರವಾಗಿ ನಿಲ್ಲದು ಎಂದು ಘೋಷಣೆ ಕೂಗಿದರಂತೆ! ಅವರ ಮಾತು ನಿಜ. ಶನಿಯ ಬಳೆಗಳು ಏಕರೂಪವಾದ ಘನ ಬಳೆಗಳಾಗಿರಲಾರವೆಂದು ಮ್ಯಾಕ್ಸ್‌ವೆಲ್ಲನು 1859ರಲ್ಲೇ ಸಾಧಿಸಿದ್ದನು. ಬಳೆ ಒಂದಿಷ್ಟು ಪಕ್ಕಕ್ಕೆ ಸರಿದರೆ ಸಾಕು, ಸರಿದ ಕಡೆಗೇ ಸೆಳೆಯಲ್ಪಟ್ಟು ಬೀಳುತ್ತದೆ. ನಿವೆನ್ 1980ರಲ್ಲಿ ಎರಡನೆಯ ಕಾದಂಬರಿಯನ್ನೇ ಬರೆದು, ಬಳೆಯನ್ನು ಸ್ಥಾನದಲ್ಲಿ ಹಿಡಿದಿಡುವ ಯಂತ್ರಗಳನ್ನು ಅದಕ್ಕೆ ಜೋಡಿಸಬೇಕಾಯಿತು.

ಅದೇ 1980ರಲ್ಲಿ ಬಂದ ರಾಬರ್ಟ್ ಫಾರ್ವರ್ಡನ ‘ಡ್ರ್ಯಾಗನ್ಸ್ ಎಗ್’ ಪದವಿ ತರಗತಿಗಳ ವಿದ್ಯಾರ್ಥಿಗಳಿಗೆ ಹೇಳಿಮಾಡಿಸಿದ ಪುಸ್ತಕ. ಲೇಖಕ ಗುರುತ್ವವನ್ನೇ ಅಭ್ಯಸಿಸಿದ ಭೌತವಿಜ್ಞಾನಿ. ಕಥೆ ನಡೆಯುವುದು ಸುಮಾರು 20 ಕಿಲೋಮೀಟರ್ ವ್ಯಾಸದ ನ್ಯೂಟ್ರಾನ್ ನಕ್ಷತ್ರದ ಮೇಲೆ. ಅಲ್ಲಿನ ಗುರುತ್ವ ಭೂಮಿಯದರ 6,700 ಕೋಟಿ ಪಟ್ಟು. ಅದರ ನಿವಾಸಿಗಳಾದ ಚೀಲಾಗಳು ಗಾತ್ರದಲ್ಲಿ ಎಳ್ಳಿನ ಕಾಳಿನಷ್ಟು, ದ್ರವ್ಯರಾಶಿಯಲ್ಲಿ ಮನುಷ್ಯನಷ್ಟು. ಅವುಗಳ ದೇಹದಲ್ಲಿ ನಡೆಯುವುದು ರಾಸಾಯನಿಕ ಕ್ರಿಯೆಯಲ್ಲ, ಪರಮಾಣು ಬೀಜಗಳ ಕ್ರಿಯೆ. ಆದುದರಿಂದ ಅವು ನಮಗಿಂತ ಹತ್ತು ಲಕ್ಷ ಪಟ್ಟು ವೇಗವಾಗಿ ಬದುಕುತ್ತವೆ. ನಮ್ಮ ಒಂದು ಸೆಕೆಂಡು ಅವಕ್ಕೆ ಹನ್ನೊಂದು ದಿನಗಳಿಗೂ ಹೆಚ್ಚು. ಮನುಷ್ಯನು ಒಂದು ಪಾಠ ಹೇಳಿ ಮುಗಿಸುವುದರೊಳಗೆ ಕೇಳುತ್ತಿದ್ದ ಶಿಷ್ಯನು ಮುದುಕನಾಗಿರುತ್ತಾನೆ. ಮನುಷ್ಯರ ನೌಕೆಯು ನಕ್ಷತ್ರದಿಂದ 406 ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ ಐದು ಬಾರಿ ತಿರುಗುವ ನಕ್ಷತ್ರಕ್ಕೆ ಸರಿಯಾಗಿ ಸುತ್ತುತ್ತದೆ. ಮೇಲಿನ ಗುರುತ್ವದ ಸಂಖ್ಯೆಯಿಂದ ಹೊರಟು ಈ ದೂರವನ್ನು ಪಡೆಯಲು ಯತ್ನಿಸಿರಿ, ಚೆನ್ನಾಗಿ ಹೊಂದುತ್ತದೆ. ಬಳಿಕ ಅಲ್ಲಿ ನಿಂತ ಮನುಷ್ಯನ ತಲೆಗೂ ಕಾಲಿಗೂ ಆಗುವ ಸೆಳೆತದ ಭೇದವನ್ನು ಗಣಿಸಿರಿ: ಮೀಟರಿಗೆ 200 ಭೂಗುರುತ್ವ! ಅವನು ಚೂರಾಗದಂತೆ ಫಾರ್ವರ್ಡನು ಹೂಡಿರುವ ಉಪಾಯವನ್ನು ವಾಚಕರೇ ಪುಸ್ತಕದಲ್ಲಿ ಓದಲಿ.

ಇವುಗಳಲ್ಲಿ ದೋಷವಿಲ್ಲವೆ? ಇದೆ. ಫಾರ್ವರ್ಡನ ಮನುಷ್ಯರು ಅವನ ಎಳ್ಳುಕಾಳುಗಳಿಗಿಂತ ನಿರ್ಜೀವರು. ಹಾಯ್ಲ್‌ರ ವಿಜ್ಞಾನಿಗಳಿಗೆ ರಾಜಕಾರಣಿಗಳ ಮೇಲಿರುವ ತಾತ್ಸಾರ ಕೆಲವೆಡೆ ಬೇಸರ ತರಿಸುತ್ತದೆ. ಕಾದಂಬರಿಯಲ್ಲಿ ಮನುಷ್ಯಹೃದಯವನ್ನು ಅರಸುವವರು ಕಾರಂತರನ್ನೋ ಕುವೆಂಪುರವರನ್ನೋ ಓದಲಿ. ಅದಕ್ಕೆ ಬದಲಾಗಿ ಇವನ್ನು ನಾವು ಮುಂದಿಡುತ್ತಿಲ್ಲ. ಇನ್ನೊಂದು ತೊಡಕು ಭಾಷೆಯದು. ಈ ಕೃತಿಗಳೆಲ್ಲ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಕಲಿತವರು ಎರಡು ಪಟ್ಟು ಅಂಜಬಹುದು. ಆದರೆ ಇವುಗಳಲ್ಲಿ ತಡೆದು ನಿಲ್ಲಿಸುವುದು ಹೆಚ್ಚಾಗಿ ಸಂಭಾಷಣೆಯ ಆಡುನುಡಿಯೇ ಹೊರತು ವಿಜ್ಞಾನದ ಭಾಗವಲ್ಲ. ವೇಗ, ತ್ರಿಜ್ಯ, ದ್ರವ್ಯರಾಶಿಗಳ ಮಾತು ಬಂದ ಕೂಡಲೆ ವಿದ್ಯಾರ್ಥಿಗೆ ಪರಿಚಿತ ನೆಲ ಸಿಗುತ್ತದೆ. ಹಾರಿಸಲೇಬೇಕೆಂದಿದ್ದರೆ ಹರಟೆಯನ್ನು ಹಾರಿಸಲಿ.

ಇವನ್ನೆಲ್ಲ ಮುಗಿಸಿಯೂ ಹಸಿವು ತೀರದವರಿಗೆ ಆಸ್ಟ್ರೇಲಿಯದ ಗ್ರೆಗ್ ಈಗನ್ ಇದ್ದಾನೆ. 2011ರ ‘ದಿ ಕ್ಲಾಕ್‌ವರ್ಕ್ ರಾಕೆಟ್’ನಲ್ಲಿ ಆತ ಮಾಡಿರುವುದು ಇಷ್ಟೆ: ಸಾಪೇಕ್ಷತಾ ಸಿದ್ಧಾಂತದಲ್ಲಿ ಕಾಲವನ್ನೂ ದೂರವನ್ನೂ ಕೂಡಿಸುವ ಸೂತ್ರದ ಒಂದು ಋಣ ಚಿಹ್ನೆಯನ್ನು ಧನ ಚಿಹ್ನೆಯಾಗಿ ಬದಲಿಸಿದ್ದಾನೆ. ಅದರಿಂದ ಇಡೀ ವಿಶ್ವವೇ ಬೇರೆಯಾಗುತ್ತದೆ. ಬೆಳಕಿಗೆ ಒಂದೇ ವೇಗವಿಲ್ಲ. ಬಣ್ಣಬಣ್ಣಕ್ಕೂ ಬೇರೆ ವೇಗ. ಆದುದರಿಂದ ನಕ್ಷತ್ರವು ಚುಕ್ಕೆಯಾಗಿ ಕಾಣದೆ ಬಣ್ಣದ ಗೆರೆಯಾಗಿ ಕಾಣುತ್ತದೆ. ನಮ್ಮ ವಿಶ್ವದಲ್ಲಿ ದೂರ ಪ್ರಯಾಣ ಮಾಡಿ ಹಿಂದಿರುಗಿದವನಿಗೆ ಕಡಿಮೆ ವಯಸ್ಸಾದರೆ ಅಲ್ಲಿ ಹೆಚ್ಚು ವಯಸ್ಸಾಗುತ್ತದೆ. ಇದನ್ನು ಅವಸರದಿಂದ ಓದಲಾಗದು, ನಡುನಡುವೆ ರೇಖಾಚಿತ್ರಗಳಿವೆ. ಕಥಾನಾಯಕಿ ಯಾಲ್ಡಾ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಬಣ್ಣದ ಗೆರೆಗಳನ್ನು ಅಳೆಯುವ ಭಾಗಕ್ಕೆ ಬಂದಾಗ ಪುಸ್ತಕವನ್ನು ಮುಚ್ಚಿಡಿ. ಬೆಳಕಿನ ಬಣ್ಣಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ಆಕೆಗಿಂತ ಮೊದಲು ಪಡೆಯಲು ಒಂದು ಸಂಜೆ ಸಾಕು. ಪೈಥಾಗೊರಸನ ಪ್ರಮೇಯವೂ ಸರೂಪ ತ್ರಿಕೋನಗಳೂ ಗೊತ್ತಿದ್ದರೆ ಆಯಿತು.