ಹಿಟ್ಟಿನ ಹುಂಜ

ಜಯಲಕ್ಷ್ಮಿಪುರಂ ದಾಟಿ ಗೋಕುಲಂ ಕಡೆಗೆ ಸಂಜೆ ಕಾಲ್ನಡಿಗೆಯಲ್ಲಿ ಹೊರಟವನಿಗೆ ಇಂದು ಭೂಮಂಡಲದ ಅಡಿಗೆಯೆಲ್ಲ ಫಲಕಗಳ ಮೇಲೆಯೇ ದರ್ಶನ ಕೊಡುತ್ತದೆ. ಪಟ್ಟಾಭಿ ಜೋಯಿಸರು ೨೦೦೨ರಲ್ಲಿ ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರದಿಂದ ಗೋಕುಲಕ್ಕೆ ತಂದ ಮೇಲೆ ಇಲ್ಲಿ ಬಂದಿಳಿದ ಪರದೇಶದ ಶಿಷ್ಯವರ್ಗದಲ್ಲಿ ಹಲವರು ‘ವೀಗನ್’ ವ್ರತದವರು. ಮಾಂಸ, ಮೊಟ್ಟೆ ಸರಿಯೇ ಸರಿ. ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಕೂಡ ಅವರಿಗೆ ಸಲ್ಲದು. ಅವರಿಗಾಗಿ ಹುಟ್ಟಿದ ಊಟದ ಪಟ್ಟಿ ಈಗ ನಮ್ಮ ಮನೆಯ ಹುಡುಗ ಹುಡುಗಿಯರ ಪಟ್ಟಿಯೂ ಆಗಿದೆ. ಅದಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ. ಹಸುವಿನ ಮೇಲಿನ ಕರುಣೆಯಿಂದ ತುಪ್ಪ ಬಿಟ್ಟವನು, ತುಪ್ಪ ತಿನ್ನುತ್ತ ಗೋಮಾತೆಯ ಸ್ತೋತ್ರ ಮಾಡುವವನಿಗಿಂತ ಒಂದು ಮೆಟ್ಟಲು ಮೇಲೆಂದೇ ನನ್ನ ಭಾವನೆ. ನನ್ನ ತಕರಾರು ಆ ಪಟ್ಟಿಯ ಮೇಲೆ. ಅದರಲ್ಲಿ ಸೋಯಾದಿಂದ ಮಾಡಿದ ಕೋಳಿಯಿದೆ, ಗೋಡಂಬಿ ಅರೆದು ಮಾಡಿದ ಚೀಸ್ ಇದೆ, ಬಾದಾಮಿ ಹಿಂಡಿದ ಹಾಲಿನ ಕಾಫಿಯಿದೆ. ಉಪ್ಸಾರು ಇಲ್ಲ.

ಈ ಮಾತನ್ನು ಆಡಿದೊಡನೆ ನಮ್ಮ ಬಡಾವಣೆಯ ಹಿರಿಯರು ನನ್ನ ಪಕ್ಷಕ್ಕೆ ಬಂದು ನಿಂತುಬಿಡುತ್ತಾರೆ. “ಸರಿಯಾಗಿ ಹೇಳಿದಿರಿ ಮೇಷ್ಟ್ರೇ, ನಾವು ತಲೆತಲಾಂತರದಿಂದ ಸಸ್ಯಾಹಾರಿಗಳು, ನಮಗೆ ಇವರು ಏನು ಹೇಳಿಕೊಡುವುದು?” ಎನ್ನುತ್ತಾರೆ. ಅವರ ಬೆಂಬಲ ನನಗೆ ಬೇಡ. ‘ವೀಗನ್’ ಎಂಬ ಮಾತು ಹುಟ್ಟಿದ್ದೇ ಅಂಥ ಸಸ್ಯಾಹಾರಿಗಳೊಡನೆ ಜಗಳವಾಡಿ. ೧೯೪೪ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವನ ಗೆಳೆಯರು, ಹಾಲು ಮೊಟ್ಟೆ ಬಿಡದ ಸಸ್ಯಾಹಾರ ಅರ್ಧ ದಾರಿಯೆಂದು ಬೇರೆ ಸಂಘ ಕಟ್ಟಿದರು. ನಮ್ಮದೂ ಅರ್ಧ ದಾರಿಯೇ. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದ. ಜೈನ ಕವಿ, ಮಾಂಸದ ಸುಳಿವಿಲ್ಲ. ಆದರೆ ಹಾಲು ತುಪ್ಪಗಳು ಧಾರಾಳ. ಮದ್ಯ ಮಾಂಸಗಳ ಜೊತೆಗೆ ಜೇನನ್ನೂ ಬಿಡಬೇಕೆಂದು ವಿಧಿಸಿದ ಧರ್ಮವೇ ಹಾಲನ್ನು ಬಿಡಲಿಲ್ಲ. ಇನ್ನು ನಮ್ಮ ಊರಿನ ಹೆಸರು ಹೊತ್ತ ಮೈಸೂರು ಪಾಕನ್ನು ತೆಗೆದುಕೊಳ್ಳಿ: ಕಡಲೆಹಿಟ್ಟು ಅದರಲ್ಲಿ ನೆಪಕ್ಕೆ. ತುಪ್ಪ ಬೇಡವೆಂದರೆ ಬಿಸಿಬೇಳೆ ಭಾತಿನ ಮೇಲೆ ಇನ್ನೊಂದು ಚಮಚ ಹೆಚ್ಚಾಗಿ ಸುರಿಯುವ ನಾಡು ಇದು. “ನಾವು ಮೊದಲಿನಿಂದಲೂ ಹಾಗೇ” ಎಂಬುದು ಸುಳ್ಳು.

ಪಟ್ಟಿಗೆ ಮರಳುತ್ತೇನೆ. ಸೋಯಾ ಕೋಳಿಯನ್ನು ಕಂಡಾಗಲೆಲ್ಲ ನನಗೆ ಜನ್ನನ ನೆನಪಾಗುತ್ತದೆ. ಕನ್ನಡ ಪಾಠ ಹೇಳುವವನಿಗೆ ಇದು ತಪ್ಪಿದ್ದಲ್ಲ. ೧೨೦೯ರ ‘ಯಶೋಧರ ಚರಿತೆ’ಯಲ್ಲಿ, ದೇವಿಗೆ ಕೋಳಿಯನ್ನು ಬಲಿಕೊಡೆಂದು ತಾಯಿ ಒತ್ತಾಯಿಸುತ್ತಾಳೆ, ಮಗನಿಗೆ ಕೊಲ್ಲಲು ಮನಸ್ಸಿಲ್ಲ. ರಾಜಿಯೆಂದು ಹಿಟ್ಟಿನಿಂದ ಒಂದು ಹುಂಜ ಮಾಡಿ ಕಡಿಯುತ್ತಾರೆ. ಕಡಿದಾಗ ಅದು ಕೂಗುತ್ತದೆ. ಆ ಹಿಟ್ಟಿನ ಹುಂಜಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಸೋಯಾ ತಿಂದವನಿಗೆ ಆ ಗತಿ ಎಂದು ನಾನು ಹೇಳುತ್ತಿಲ್ಲ. ಯಶೋಧರನ ಸಂಕಲ್ಪ ಕೊಲ್ಲುವುದಾಗಿತ್ತು, ಇವನದು ಉಳಿಸುವುದು. ನಿನ್ನೆಯವರೆಗೆ ಕೋಳಿ ತಿಂದು ಇಂದು ಬಿಟ್ಟವನಿಗೆ ಸೋಯಾ ಊರುಗೋಲಾದರೆ ಆಗಲಿ. ಆದರೆ ಜನ್ನ ಕಂಡ ಸೂಕ್ಷ್ಮ ಸುಳ್ಳಾಗದು: ಹಿಟ್ಟಿಗೆ ಹುಂಜದ ಆಕಾರ ಬಂದಾಗ ಮನಸ್ಸು ಇರುವುದು ಹುಂಜದ ಮೇಲೆ. ಹುಟ್ಟಿದಾರಭ್ಯ ಕೋಳಿಯ ರುಚಿ ಕಾಣದ ನಮ್ಮ ಹುಡುಗರು ದುಡ್ಡು ತೆತ್ತು ಕೋಳಿಯ ಅಣಕವನ್ನು ತಿನ್ನುವುದಿದೆಯಲ್ಲ, ಇದನ್ನು ಜನ್ನನೂ ಊಹಿಸಿರಲಾರ.

“ವಿಶ್ವದ ಅಡಿಗೆಗಳಿಂದ ಕಲಿಯಬಾರದೆ?” ಎಂದು ಕೇಳುತ್ತಾರೆ. ಧಾರಾಳವಾಗಿ ಕಲಿಯೋಣ, ನಾನು ಬಾವಿಯ ಕಪ್ಪೆಯಲ್ಲ. ನೇಪಲ್ಸಿನಲ್ಲಿ ಮರಿನಾರಾ ಎಂಬ ಪಿಜ್ಜಾ ಇದೆ: ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಒಂದಿಷ್ಟು ಒಣ ಸೊಪ್ಪು, ಚೀಸ್ ಇಲ್ಲವೇ ಇಲ್ಲ. ಅದನ್ನು ಬಿಟ್ಟು ನಾವು ಗೋಡಂಬಿಯ ನಕಲಿ ಚೀಸನ್ನು ಹರಡಿಕೊಂಡು ಕೂತಿದ್ದೇವೆ. ಈಜಿಪ್ಟಿನವನು ಬೆಳಗ್ಗೆ ಫೂಲ್ ತಿನ್ನುತ್ತಾನೆ: ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೆಂದ ಒಂದು ಬಗೆಯ ಕಾಳು, ಜೀರಿಗೆ, ಎಣ್ಣೆ, ನಿಂಬೆರಸ. ಚೀನದ ಬೌದ್ಧ ವಿಹಾರಗಳಲ್ಲಿ ಗೋಧಿಯ ಅಂಟಿನಿಂದ ಮಾಂಸದ ಅಣಕ ಮಾಡುವ ವಿದ್ಯೆ ಹಳೆಯದೆಂಬುದು ನಿಜ. ಆದರೆ ಚೀನದಿಂದ ಜಗತ್ತು ಕಲಿತು ಮನೆಮಾತು ಮಾಡಿಕೊಂಡದ್ದು ಆ ಅಣಕವನ್ನಲ್ಲ, ತೋಫುವನ್ನು.

ಎಲ್ಲಕ್ಕಿಂತ ನನಗೆ ಅಚ್ಚುಮೆಚ್ಚು ಇಥಿಯೋಪಿಯದ ಉಪವಾಸದಡಿಗೆ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ, ಮತ್ತು ಈಸ್ಟರಿಗೆ ಮೊದಲು ಐವತ್ತೈದು ದಿನ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹೊಯ್ದ ಇಂಜೆರಾ, ನಮ್ಮ ದೋಸೆಯ ದೂರದ ದಾಯಾದಿ. ಅದರ ಮೇಲೆ ಕಡಲೆಹಿಟ್ಟಿನ ಶಿರೊ, ಖಾರದ ಬೇಳೆ, ಸೊಪ್ಪು. ಯಾವುದೂ ಇನ್ನೊಂದರ ವೇಷ ಹಾಕಿಲ್ಲ. ಅವರ ಗದ್ದುಗೆಯ ಎಣ್ಣೆ ಯಾವುದು ಬಲ್ಲಿರಾ? ನೂಗ್, ಅಂದರೆ ನಮ್ಮ ಹುಚ್ಚೆಳ್ಳು. ಹುಚ್ಚೆಳ್ಳಿನ ತವರು ಇಥಿಯೋಪಿಯ. ನಮ್ಮ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ಬಂದದ್ದು. ಮುದ್ದೆಯ ಪಕ್ಕದಲ್ಲಿ ಹುಚ್ಚೆಳ್ಳಿನ ಚಟ್ನಿ ಇಟ್ಟುಕೊಂಡ ನಮ್ಮ ಸೀಮೆಯ ಒಕ್ಕಲಿಗ ಯಾವ ಫಲಕವೂ ಇಲ್ಲದೆ ವಿಶ್ವದಡಿಗೆಯನ್ನೇ ಉಂಡಿದ್ದಾನೆ.

ಹೆಸರುಗಳನ್ನೇ ನೋಡಿ. ಉಪ್ಸಾರು, ಎಂದರೆ ಉಪ್ಪೆಸರು: ಕಾಳು ಸೊಪ್ಪು ಬೇಯಿಸಿದ ಉಪ್ಪಿನ ಎಸರು, ಜೊತೆಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದ ಖಾರ. ಬಸ್ಸಾರು, ಬಸಿದ ಸಾರು. ಮಸ್ಸೊಪ್ಪು, ಮಸೆದ ಸೊಪ್ಪು. ಮಾಡುವ ಬಗೆಯೇ ಹೆಸರು. ಒತ್ತು ಶಾವಿಗೆಗೆ ಹೊಯ್ಯುವ ಕಾಯಿಹಾಲೂ ಇದೆ. ಅದೂ ಹಾಲಿನ ನಕಲೇ ಅಲ್ಲವೆ ಎಂದು ಯಾರಾದರೂ ಕೊಕ್ಕೆ ಹಾಕಿಯಾರು. ಅಲ್ಲ, ಹಸುವಿನ ಹಾಲು ಮನೆಯಲ್ಲಿದ್ದಾಗಲೂ ನಮ್ಮ ಹೆಂಗಸರು ಶಾವಿಗೆಗೆ ಕಾಯಿಹಾಲನ್ನೇ ಹಿಂಡಿದರು.

ಹಾಗಾದರೆ ಇವು ಆ ಪಟ್ಟಿಗೆ ಏಕೆ ಹತ್ತಲಿಲ್ಲ? ಇಲ್ಲಿ ಬಾಯಿ ಬಿಟ್ಟು ಆಡಬೇಕಾದ ಮಾತೊಂದಿದೆ. ಇವು ಹೆಚ್ಚಾಗಿ ತುಪ್ಪಕ್ಕೆ ಗತಿಯಿಲ್ಲದವರ ಮನೆಯ ಅಡಿಗೆ. ಇಂದಿಗೂ ಹಳ್ಳಿಯಲ್ಲಿ ಕರೆದ ಹಾಲನ್ನು ನಸುಕಿನಲ್ಲೇ ಡೇರಿಗೆ ಹಾಕಿ ಮಧ್ಯಾಹ್ನ ಉಪ್ಸಾರು ಉಣ್ಣುವವರು ಎಷ್ಟು ಮಂದಿ! ಅವರು ಮಾರಿದ ಹಾಲಿನಿಂದ ನಮ್ಮ ಶುದ್ಧ ಸಸ್ಯಾಹಾರ ನಡೆಯುತ್ತದೆ. ಪೇಟೆಯಲ್ಲಿ ಮುದ್ದೆಯೂಟದ ಹೋಟೆಲುಗಳಿಲ್ಲವೆಂದಲ್ಲ. ವೀಗನ್ ಪಟ್ಟಿ ಬರೆಯುವವರು ಅತ್ತ ಮುಖ ಹಾಕಿಲ್ಲ. ಸೋಯಾ ಕೋಳಿಗೆ ಪರದೇಶದ ಮರ್ಯಾದೆಯಿದೆ, ಇಡ್ಲಿಗೆ ಅಗ್ರಹಾರದ ಮರ್ಯಾದೆಯಿದೆ; ಉಪ್ಸಾರಿಗೆ ಎರಡೂ ಇಲ್ಲ. ಜಾತಿ ಎಂಬ ಮಾತು ಅಡಿಗೆಮನೆಯಲ್ಲಿ ಬೇಡವೆನ್ನುವವರು, ಅದು ಅಲ್ಲಿಯೇ ಬಹುಕಾಲದಿಂದ ಬೆಚ್ಚಗೆ ಕುಳಿತಿದೆ ಎಂಬುದನ್ನು ಮರೆಯುತ್ತಾರೆ.

ಹಾಲು ಬಿಟ್ಟರೆ ಮೂಳೆಯ ಗತಿಯೇನೆಂದು ಹೆದರಿಸುವವರಿಗೆ: ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ, ಹಸುವಿನ ಹಾಲಿನಲ್ಲಿ ೧೨೦ರ ಆಸುಪಾಸು. ಒಣಕಾಳನ್ನೂ ನೀರೇ ಹೆಚ್ಚಾದ ಹಾಲನ್ನೂ ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ರಾಗಿ ಸೋಲುವ ಸರಕಲ್ಲ. ಬಿ-೧೨ ಜೀವಸತ್ವದ ಮಾತು ಬೇರೆ. ಅದು ಮುದ್ದೆಯಲ್ಲೂ ಇಲ್ಲ, ಹುಮ್ಮಸ್‌ನಲ್ಲೂ ಇಲ್ಲ. ವ್ರತ ಹಿಡಿದವರು ವೈದ್ಯರನ್ನು ಕೇಳಿ ಗುಳಿಗೆ ನುಂಗುವುದು ಲೇಸು.

“ಬರೆದರೆ ಯಾರು ಕೇಳುತ್ತಾರೆ?” ಎಂಬುದು ಉಪಾಹಾರ ಗೃಹದವರ ಕೊನೆಯ ಅಸ್ತ್ರ. ನಾಲ್ಕು ತಲೆಮಾರಿನ ಹಿಂದೆ ಪಿಜ್ಜಾವನ್ನು ಮೈಸೂರಿನಲ್ಲಿ ಯಾರು ಕೇಳಿದ್ದರು? ಚಳಿಗಾಲ ಬಂದರೆ ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬಂದು ರಾಶಿ ಬೀಳುತ್ತದೆ. ಹಿತಕಿದ ಬೇಳೆಯ ಸಾರೊಂದನ್ನಾದರೂ ಈ ಸಲ ಆ ಫಲಕದ ಮೇಲೆ ಬರೆಯಲಿ. ಒಗ್ಗರಣೆ ಎಣ್ಣೆಯದೋ ತುಪ್ಪದ್ದೋ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಪಕ್ಕದಲ್ಲೇ ಬರೆಯಲಿ.