ಮರುಭೂಮಿಗೆ ಕಾರು ತಗೊಂಡು ಹೋಗೋದಾ, ಬೇಡ್ವಾ?

ಬೆಂಗಳೂರಿನಿಂದ ಅಮೆರಿಕಕ್ಕೆ ಬರೋ ಗೆಳೆಯರಿಂದ ವರ್ಷಕ್ಕೆ ನಾಲ್ಕೈದು ಸಲ ಈ ಪ್ರಶ್ನೆ ಬರುತ್ತೆ. "ಲಾಸ್ ವೇಗಸ್‌ಗೆ ಹೋಗ್ತಾ ಇದೀವಿ. ಗ್ರ್ಯಾಂಡ್ ಕ್ಯಾನ್ಯನ್, ಡೆತ್ ವ್ಯಾಲಿ ಎರಡೂ ನೋಡ್ಬೇಕು. ಕಾರು ಬಾಡಿಗೆಗೆ ತಗೊಳ್ಳೋದಾ, ಟೂರ್ ಬಸ್ಸಲ್ಲಿ ಹೋಗೋದಾ? ಬಲಗಡೆ ಓಡ್ಸಿ ಅಭ್ಯಾಸ ಇಲ್ವಲ್ಲ ಮಾರಾಯಾ..."

ಎಲ್ಲರ ಭಯಾನೂ ಅದೇ, ಬಲಗಡೆ ಓಡಿಸೋದು. ನನ್ನ ಪ್ರಕಾರ ಅದು ದೊಡ್ಡ ವಿಷಯವೇ ಅಲ್ಲ. ಗೇರ್ ಬದಲಿಸೋ ತಾಪತ್ರಯ ಇಲ್ಲದ ಆಟೊಮ್ಯಾಟಿಕ್ ಕಾರು, ಗೆರೆ ಎಳೆದ ಹಾಗಿರೋ ಲೇನುಗಳು. ಅರ್ಧ ದಿನ ಊರೊಳಗೆ ಓಡಿಸಿದರೆ ಕೈ ಕೂರುತ್ತೆ. ಇಂಡಿಕೇಟರ್ ಹಾಕೋಕೆ ಹೋಗಿ ನಾಲ್ಕು ಸಲ ವೈಪರ್ ಆನ್ ಮಾಡ್ತೀರಿ, ಅಷ್ಟೇ. ಫೋರ್ ವೇ ಸ್ಟಾಪ್‌ನಲ್ಲಿ ಪೂರ್ತಿ ನಿಲ್ಲಿಸಿ, ಮೊದಲು ಬಂದವರಿಗೆ ಮೊದಲು ದಾರಿ ಬಿಡೋದು, ಪೊಲೀಸ್ ಹಿಂದೆ ಬಂದು ಲೈಟ್ ಹಾಕಿದರೆ ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ಕೈ ಇಟ್ಕೊಂಡು ಕಾರೊಳಗೇ ಕೂತಿರೋದು, ಇವಿಷ್ಟು ಗೊತ್ತಿದ್ರೆ ಊರೊಳಗೆ ಸಾಕು.

ಆದ್ರೆ ಸಿಲ್ಕ್ ಬೋರ್ಡ್ ಜಂಕ್ಷನ್ ನಮಗೆ ಕಲಿಸಿರೋದು ಜನಜಂಗುಳಿಯಲ್ಲಿ ಓಡಿಸೋದನ್ನ. ಖಾಲಿ ರಸ್ತೆಯಲ್ಲಿ ಓಡಿಸೋದನ್ನ ನಮಗೆ ಯಾರೂ ಕಲಿಸಿಲ್ಲ. ಗಾಡಿ ಕೆಟ್ಟರೆ ಪಂಕ್ಚರ್ ಅಂಗಡಿ ಇರುತ್ತೆ, ಟೀ ಅಂಗಡಿ ಇರುತ್ತೆ, ಯಾರೋ ಒಬ್ಬರು ಬಂದು "ಏನಾಯ್ತು ಸಾರ್" ಅಂತಾರೆ ಅನ್ನೋ ನಂಬಿಕೆ ನಮ್ಮ ತಲೆಯೊಳಗೆ ಗೊತ್ತಿಲ್ಲದೇ ಕೂತಿದೆ. ನೆವಾಡ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಆ ನಂಬಿಕೆ ಕೆಲಸಕ್ಕೆ ಬರಲ್ಲ.

1996ರ ಜುಲೈನಲ್ಲಿ ಜರ್ಮನಿಯ ನಾಲ್ಕು ಜನ, ಇಬ್ಬರು ದೊಡ್ಡವರು ಇಬ್ಬರು ಮಕ್ಕಳು, ಬಾಡಿಗೆ ವ್ಯಾನಿನಲ್ಲಿ ಡೆತ್ ವ್ಯಾಲಿಗೆ ಹೋದವರು ವಾಪಸ್ ಬರಲೇ ಇಲ್ಲ. ಅಕ್ಟೋಬರ್‌ನಲ್ಲಿ ಆ ವ್ಯಾನು ಆನ್ವಿಲ್ ಕ್ಯಾನ್ಯನ್ ಅನ್ನೋ ಕಡೆ ಸಿಕ್ಕಿತು, ಮೂರು ಟೈರ್ ಪಂಕ್ಚರ್ ಆಗಿದ್ವು. ಮೂಳೆಗಳು ಸಿಕ್ಕಿದ್ದು 2009ರಲ್ಲಿ, ಅಲ್ಲಿಂದ ಕೆಲವು ಮೈಲಿ ದಕ್ಷಿಣಕ್ಕೆ. ಅವರು ಆ ದಿಕ್ಕಿಗೆ ಯಾಕೆ ನಡೆದರು? ಹುಡುಕಿದವರ ಊಹೆ ಒಂದಿದೆ. ಅವರ ಮ್ಯಾಪಿನಲ್ಲಿ ಆ ಕಡೆ ಚೈನಾ ಲೇಕ್ ಅನ್ನೋ ಸೇನಾ ನೆಲೆಯ ಗಡಿ ಇತ್ತು. ಸೇನಾ ನೆಲೆ ಅಂದ್ರೆ ಬೇಲಿ ಇರುತ್ತೆ, ಕಾವಲು ಇರುತ್ತೆ, ಯಾರಾದ್ರೂ ಸಿಗ್ತಾರೆ ಅಂದ್ಕೊಂಡಿರಬೇಕು. ಯುರೋಪಿನಲ್ಲಾದರೆ ಅದು ಸರಿಯಾದ ಲೆಕ್ಕವೇ. ಇಲ್ಲಿ ಆ ಗಡಿ ಬರೀ ಕಾಗದದ ಮೇಲಿನ ಗೆರೆ. ಊಹೆಯೇ ಇರಬಹುದು, ಆದ್ರೆ ಅದನ್ನ ಓದಿದಾಗಿನಿಂದ ನನಗೆ ಮರೆಯೋಕೆ ಆಗಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ರೂ ಹಾಗೇ ಯೋಚಿಸ್ತಿದ್ದೆ!

ಈಗ ಜಿಪಿಎಸ್ ಇದೆಯಲ್ಲ ಅಂತೀರಾ? 2009ರ ಆಗಸ್ಟ್‌ನಲ್ಲಿ ಒಬ್ಬ ತಾಯಿ ಜಿಪಿಎಸ್ ನಂಬಿ ಅದೇ ಡೆತ್ ವ್ಯಾಲಿಯಲ್ಲಿ ದಾರಿ ತಪ್ಪಿ ದಿನಗಟ್ಟಲೆ ಸಿಕ್ಕಿಕೊಂಡರು. ಆರು ವರ್ಷದ ಮಗ ಉಳಿಯಲಿಲ್ಲ. ಪಾರ್ಕಿನ ರೇಂಜರುಗಳು ಇಂಥ ಸಾವಿಗೆ 'ಡೆತ್ ಬೈ ಜಿಪಿಎಸ್' ಅಂತ ಹೆಸರೇ ಇಟ್ಟುಬಿಟ್ಟಿದ್ದಾರೆ. ಪಾರ್ಕಿನ ಬಹುಪಾಲು ಜಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹೊಸ ಫೋನುಗಳು ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುತ್ತವೆ, ನಿಜ. ಆದ್ರೆ ಸಂದೇಶ ಹೋದ ಮಾತ್ರಕ್ಕೆ ಹೆಲಿಕಾಪ್ಟರ್ ಬರುತ್ತೆ ಅಂತೇನಿಲ್ಲ. 2024ರ ಜುಲೈನಲ್ಲಿ ಬೆಲ್ಜಿಯಂನ ಪ್ರವಾಸಿಯೊಬ್ಬರು ಅಲ್ಲಿನ ಮರಳುದಿಬ್ಬಗಳ ಮೇಲೆ ಚಪ್ಪಲಿ ಕಳ್ಕೊಂಡು ಅಂಗಾಲು ಸುಟ್ಟುಕೊಂಡರು. ಸುಮಾರು 50 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿ ಗಾಳಿ ತೆಳುವಾಗಿ ರೆಕ್ಕೆಗೆ ಸಾಕಷ್ಟು ಲಿಫ್ಟ್ ಸಿಗಲ್ಲ, ಹಾಗಾಗಿ ಹೆಲಿಕಾಪ್ಟರ್ ಅಲ್ಲಿ ಇಳಿಯೋಕೆ ಆಗಲಿಲ್ಲ. ಅವರನ್ನ ಆಂಬ್ಯುಲೆನ್ಸ್‌ನಲ್ಲಿ ಸ್ವಲ್ಪ ಎತ್ತರದ, ತಂಪಾದ ಜಾಗಕ್ಕೆ ಒಯ್ಯಬೇಕಾಯ್ತು.

ಹಾಗಾದ್ರೆ ಬಸ್ಸೇ ಕ್ಷೇಮ ಅಂತಾನೂ ನಾನು ಹೇಳಲ್ಲ. 2009ರ ಜನವರಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿ ವೇಗಸ್‌ಗೆ ಮರಳ್ತಿದ್ದ ಬಸ್ಸು ಅರಿಜೋನಾದಲ್ಲಿ ಉರುಳಿ ಏಳು ಚೀನೀ ಪ್ರವಾಸಿಗಳು ಸತ್ತರು. 2019ರಲ್ಲಿ ಬ್ರೈಸ್ ಕ್ಯಾನ್ಯನ್ ಹತ್ತಿರ ಇನ್ನೊಂದು ಬಸ್ಸು, ನಾಲ್ಕು ಜನ. ವೇಗಸ್‌ನಿಂದ ಸೌತ್ ರಿಮ್‌ಗೆ ಸುಮಾರು 280 ಮೈಲಿ, ಅಂದ್ರೆ 450 ಕಿಲೋಮೀಟರ್, ಒಂದು ಕಡೆಗೆ. ಅದನ್ನ ಒಂದೇ ದಿನದಲ್ಲಿ ಹೋಗಿ ಬರೋ ಪ್ಲಾನೇ ಸರಿಯಿಲ್ಲ, ಸ್ಟೀರಿಂಗ್ ಯಾರ ಕೈಯಲ್ಲಿದ್ರೂ. (ವೆಸ್ಟ್ ರಿಮ್ ಹತ್ತಿರ, ಆದ್ರೆ ಅದು ಹುವಾಲಪೈ ಜನಾಂಗದ ಜಾಗ, ನ್ಯಾಷನಲ್ ಪಾರ್ಕ್ ಅಲ್ಲ. ಟೂರ್ ಟಿಕೆಟ್ ತಗೊಳ್ಳೋ ಮುಂಚೆ ಯಾವ ರಿಮ್ ಅಂತ ನೋಡ್ಕೊಳ್ಳಿ.)

ಆದ್ದರಿಂದ ನಾನು ಕೇಳೋರಿಗೆ ಹೇಳೋದು, ಜಾಗ ನೋಡಿ ತೀರ್ಮಾನ ಮಾಡಿ ಅಂತ. ಬರೀ ಗ್ರ್ಯಾಂಡ್ ಕ್ಯಾನ್ಯನ್ ಸಾಕು ಅಂದ್ರೆ ಕಾರೇ ಬೇಕಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಸಂಜೆ ಆಮ್‌ಟ್ರ್ಯಾಕ್ ರೈಲು ಹತ್ತಿದರೆ ಬೆಳಗಿನ ಜಾವ ಫ್ಲ್ಯಾಗ್‌ಸ್ಟಾಫ್. ಅಲ್ಲಿಂದ ವರ್ಷದ ಹೆಚ್ಚಿನ ತಿಂಗಳು ವ್ಯಾನ್ ಸಿಗುತ್ತೆ. ಹತ್ತಿರದ ವಿಲಿಯಮ್ಸ್ ಊರಿನಿಂದ ಕ್ಯಾನ್ಯನ್ ಅಂಚಿನವರೆಗೆ 65 ಮೈಲಿ ರೈಲೇ ಇದೆ, 1901ರಲ್ಲಿ ಶುರುವಾಗಿದ್ದು. ಒಳಗೆ ಓಡಾಡೋಕೆ ಪುಕ್ಕಟೆ ಬಸ್ಸು. ಎರಡು ರಾತ್ರಿ ಅಲ್ಲೇ ಉಳಿದರೆ ಸೂರ್ಯೋದಯ ನೋಡಬಹುದು, ವೇಗಸ್‌ನಿಂದ ಹೋಗಿ ಬರೋರಿಗೆ ಅದು ಸಿಗಲ್ಲ.

ಡೆತ್ ವ್ಯಾಲಿಯಲ್ಲಿ ಮಾತ್ರ ಸಾರ್ವಜನಿಕ ಸಾರಿಗೆ ಅನ್ನೋದೇ ಇಲ್ಲ. ಅಲ್ಲಿಗೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗೋದಾದ್ರೆ ಕಾರು ಧಾರಾಳವಾಗಿ ತಗೊಳ್ಳಿ. ಓಡಿಸೋಕೆ ಬರೋರು ಇಬ್ಬರಿರಲಿ. ವಿಮಾನ ಇಳಿದ ಮಾರನೇ ದಿನ ಬೇಡ, ನಮ್ಮೂರಿನ ನಡುರಾತ್ರಿ ಅಲ್ಲಿನ ಮಧ್ಯಾಹ್ನ, ನೇರ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಕೂತರೆ ಕಣ್ಣು ತಾನಾಗೇ ಮುಚ್ಚುತ್ತೆ. ಟಾರು ರಸ್ತೆ ಬಿಟ್ಟು ಇಳೀಬೇಡಿ, ಬಾಡಿಗೆ ಕರಾರಿನಲ್ಲೂ ಸಾಮಾನ್ಯವಾಗಿ ಮಣ್ಣು ರಸ್ತೆ ನಿಷೇಧ ಅಂತಲೇ ಇರುತ್ತೆ. ಕಾರು ನಿಂತುಹೋದರೆ ನೆರಳು ಹುಡುಕ್ತಾ ನಡೀಬೇಡಿ, ಕಾರಿನ ಹತ್ತಿರವೇ ಇರಿ. ಡಿಕ್ಕಿಯಲ್ಲಿ ಸೂಟ್‌ಕೇಸಿಗೆ ಜಾಗ ಇಲ್ದಿದ್ರೂ ಪರವಾಗಿಲ್ಲ, ನೀರಿನ ಕ್ಯಾನುಗಳಿಗೆ ಇರಲಿ.

ಜುಲೈನಲ್ಲೇ ರಜೆ ಸಿಗೋದು, ಡೆತ್ ವ್ಯಾಲಿ ನೋಡಲೇಬೇಕು ಅಂತ ಹಟ ಹಿಡಿಯೋರಿಗೆ ನಾನು ಟೈರ್, ನೀರು ಅಂತೆಲ್ಲ ಹೇಳೋಕೆ ಹೋಗಲ್ಲ. ಸೌತ್ ರಿಮ್ ಸುಮಾರು 7000 ಅಡಿ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಅಲ್ಲಿ ರಾತ್ರಿ ಸ್ವೆಟರ್ ಬೇಕಾಗುತ್ತೆ, ಅಲ್ಲಿಗೇ ಹೋಗಿ ಅಂತೀನಿ.